ಗಾಲಿ ಪ್ರದಕ್ಷಿಣಿ

ಯಮಕನಮರಡಿಯ ಎಸ್.ಟಿ.ಡಿ. ಅಂಗಡಿಯಲ್ಲಿ ರಿಸೀವರ್ ಹಿಡಿದು ನಿಂತ ಸಮ್ಮೇದನಿಗೆ ಆ ಊರಿನ ಹೆಸರಿನಲ್ಲಿ ಮೊದಲ ಸಲ ಯಮಕ ಕೇಳಿಸಲಿಲ್ಲ, ಯಮ ಕೇಳಿಸಿದ.

"ಆಯಿ ಮುಂಜಾನಿಂದ ಗುಟುಕ ನೀರ ಮುಟ್ಟಿಲ್ಲೊ," ಎನ್ನುತ್ತಿದ್ದಳು ತಂಗಿ ಆರತಿ, ಮಸಗುಪ್ಪಿಯ ಮನೆಯಿಂದ. "ಪ್ರದಕ್ಷಿಣಿ ಹಾಕಾಕ ಹೊಂಟೇನಿ ಅಂದಿದ್ದಿಯಲ್ಲ, ಖರೆ ತಿಳ್ಕೊಂಡಾಳ. ಬಸ್ತಿಗೆ ಹೋಗಿ ನೇಮ ಹಿಡದ ಬಂದಾಳ. 'ನನ್ನ ಮೊಮ್ಮಗ ಗಾಲಿ ತಿರಗಸ್ಕೋತ ಬಾಗಲಕ ಬರೂತನಕ ಬಾಯಿಗೆ ನೀರ ಹಚ್ಚಂಗಿಲ್ಲ' ಅಂತ."

"ನಾ ಚ್ಯಾಷ್ಟಿ ಮಾಡಿದ್ನಿ ಆರತಿ."

"ನಿನ್ನ ಬಾಯಾಗ ಚ್ಯಾಷ್ಟಿ ಯಾವ್ದು ಖರೆ ಯಾವ್ದು ಅಂತ ಯಾರಿಗೆ ತಿಳೀತೈತಿ? ಆಕಿ ಕೈ ನಡಗಾಕತ್ತಾವು. ಹೊತ್ತ ಮುಳಗೂದ್ರೊಳಗ ಬಾ."

ಹೊತ್ತು ಮುಳುಗಿದ ಮೇಲೆ ರಾಜಮತಿ ಆಯಿ ಅನ್ನವಿರಲಿ, ನೀರನ್ನೂ ಮುಟ್ಟುವುದಿಲ್ಲ. ಜೈನರ ಮನೆ; ಅರವತ್ತು ವರ್ಷದಲ್ಲಿ ಒಂದು ಸಂಜೆಯೂ ಆ ನಿಯಮ ತಪ್ಪಿಲ್ಲ. ಇವನು ತಡಮಾಡಿದರೆ ಮುದುಕಿ ನಾಳೆ ಸೂರ್ಯ ಹುಟ್ಟುವವರೆಗೂ ಒಣಗಬೇಕು. ಸಕ್ಕರೆ ಕಾಯಿಲೆಯ ಮೈ. ಹೋದ ವರ್ಷ ಉಪವಾಸ ಮಾಡಿ ಬಚ್ಚಲಲ್ಲಿ ಬಿದ್ದಾಗ ಡಾಕ್ಟರು, "ಇನ್ನೊಮ್ಮೆ ಹಿಂಗಾದ್ರ ಎಬ್ಬಸೂದು ನನ್ನ ಕೈಯಾಗಿಲ್ಲ" ಎಂದು ಕೈಚೆಲ್ಲಿದ್ದರು.

ಇದೆಲ್ಲ ಶುರುವಾದದ್ದು ಒಂದು ಚಿತ್ರದಿಂದ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಿದ್ದ ಸಮ್ಮೇದ ಯಾವುದೋ ಮಾಸಪತ್ರಿಕೆಯಲ್ಲಿ ಸ್ಪೇನ್ ದೇಶದ ಹಳ್ಳಿಗಳನ್ನು ನೋಡಿದ್ದ. ಕಲ್ಲಿನ ಹಳೇ ಊರುಗಳು, ಅವುಗಳ ನಡುವೆ ದಪ್ಪ ಟಾಯರಿನ ಸೈಕಲ್ಲೇರಿ ಸುತ್ತು ಹೊಡೆಯುವ ಜನ. ಹಳೇ ಕಲ್ಲೇನು ಅವರಪ್ಪನ ಆಸ್ತಿಯೆ? ಗೋಕಾಕ ಫಾಲ್ಸಿನ ದಂಡೆಯಲ್ಲಿ ಹಳೇ ಗುಡಿಯಿದೆ, ಹುಕ್ಕೇರಿಯಲ್ಲಿ ಗುಮ್ಮಟಗಳಿವೆ. ಪುಣೆಯ ಮಾವನ ಮಗ ಬಿಟ್ಟುಹೋದ ಗೇರ್ ಸೈಕಲ್ಲೂ ಅಟ್ಟದ ಮೇಲಿತ್ತು. "ಈ ಬಿಸಲಾಗ ಯಾಕ ಸುತ್ತತಿ?" ಎಂದು ಆಯಿ ಕೇಳಿದಾಗ, ಬಸದಿಯ ಪೂಜಾರಿ ಉಪಾಧ್ಯೆಯವರ ಮೂಗುದನಿ ತೆಗೆದು, "ಪ್ರದಕ್ಷಿಣಿ ರಾಜಮತಿಬಾಯಿ, ಪ್ರದಕ್ಷಿಣಿ. ಆತೇನ್ರಿ?" ಎಂದಿದ್ದ. ಆಯಿ ನಕ್ಕಿದ್ದಳು. ನಕ್ಕಳೆಂದರೆ ಮುಗಿಯಿತು ಎಂದುಕೊಂಡಿದ್ದ.

ಈಗ ಅದೇ ದನಿ ನೆನಪಾಯಿತು.

"ಆಯಿಗೆ ಫೋನ್ ಕೊಡು," ಎಂದವನೇ ಮೂಗು ಹಿಡಿದು ಶುರುಮಾಡಿದ: "ನಾನ್ರಿ, ಬಸ್ತಿಯಿಂದ. ನಿಮ್ಮ ನೇಮ ಸಡ್ಲ ಮಾಡೇನಿ. ಒಂದ ಲೋಟಾ ನೀರ ಕುಡದ ಬಿಡ್ರಿ. ಆತೇನ್ರಿ?"

ಆ ಕಡೆಯಿಂದ ಅದೇ ಮೂಗುದನಿ, ಅಸಲಿಯದು, ಕಿವಿಗೆ ಬಿತ್ತು.

"ಆತ್ರಿ. ಆದ್ರ ನಾ ಇಲ್ಲೆ ರಾಜಮತಿಬಾಯಿ ಬಾಜೂಕ ಕುಂತೇನಿ. ನೀವ್ಯಾರ್ರಿ ಮತ್ತ?"

ಸಮ್ಮೇದನ ಬೆರಳುಗಳು ತಾವಾಗಿ ಮೂಗು ಬಿಟ್ಟವು.

"ನಾನೂ ಹೇಳಿ ಸೋತೇನಿ ತಮ್ಮಾ," ಎಂದರು ಉಪಾಧ್ಯೆ, ಈಗ ಮೆತ್ತಗೆ. "'ನನ್ನ ನೇಮ, ನನ್ನ ಮಾತು, ನೀವ್ಯಾರ ಸಡ್ಲ ಮಾಡಾಕ' ಅಂತಾರ. ಲಗೂನ ಬಾ."

ಹುಕ್ಕೇರಿಯ ಗುಮ್ಮಟಗಳಿಗಾಗಿ ಮನೆ ಬಿಟ್ಟವನು ಅವುಗಳ ಮುಂದೆಯೇ ತಲೆ ಎತ್ತದೆ ಹೋದ. ಎದುರುಗಾಳಿ. ತೊಡೆಗಳು ಕಲ್ಲಾಗಿದ್ದವು, ಹಳೇ ಕಲ್ಲು ನೋಡಲು ಬಂದದ್ದಕ್ಕೆ ಹೊಸ ಕಲ್ಲು. ಬಾಟಲಿಯಲ್ಲಿ ನೀರಿತ್ತು. ಎರಡು ಸಲ ಬಾಯಿಯ ತನಕ ಒಯ್ದು ಎರಡು ಸಲವೂ ಕೆಳಗಿಳಿಸಿದ.

ಊರು ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಗಾಲಿ ಉಸಿರುಬಿಟ್ಟಿತು. ಜಾಲಿಮುಳ್ಳು. ಪಂಪು ಇತ್ತು, ಪ್ಯಾಚಿತ್ತು. ಟ್ಯೂಬಿಗೆ ಹಚ್ಚುವ ಸೊಲ್ಯೂಶನ್ ಮಾತ್ರ ಡಬ್ಬಿಯಲ್ಲೇ ಒಣಗಿ ಗಟ್ಟಿಯಾಗಿತ್ತು. ಸೊಲ್ಯೂಶನ್ ಇಲ್ಲದ ಪ್ರಾಬ್ಲೆಮ್ಮು ಎಂದು ಬಾಯಿಗೆ ಬಂದದ್ದನ್ನು ಹೇಳಿ ನಗಿಸಲು ಸುತ್ತ ಯಾರೂ ಇರಲಿಲ್ಲ. ಸೈಕಲ್ ತಳ್ಳುತ್ತ ಓಡಿದ. ನೆರಳು ಅವನಿಗಿಂತ ಮುಂದೆ ಓಡುತ್ತಿತ್ತು, ದಿನ್ನೆ ದಿನ್ನೆಗೂ ಉದ್ದವಾಗುತ್ತ.

ಹಿಂದಿನಿಂದ ಬಂದ ಟೆಂಪೊ ಪಕ್ಕದಲ್ಲಿ ನಿಧಾನವಾಯಿತು. ಮೂಡಲಗಿ ಸಂತೆಗೆ ಉಳ್ಳಾಗಡ್ಡಿ ಸಾಗಿಸುವ ಮಾಳಪ್ಪ.

"ಏನ್ ಕಾಲೇಜ ಸಾಹೇಬ್ರ, ಸೈಕಲ್ ನಿಮ್ಮನ್ನ ಒಯ್ಯಾಕತ್ತೈತೊ, ನೀವ ಸೈಕಲ್ ಒಯ್ಯಾಕತ್ತೀರೊ? ಹತ್ರಿ, ಊರಿಗೆ ಬಿಡ್ತೇನಿ."

ಸಮ್ಮೇದ ನಿಂತ. ಹತ್ತಿದರೆ ನೇಮ ಮುರಿಯುತ್ತದೆ. ಹತ್ತದಿದ್ದರೆ ಹೊತ್ತು ಮುಳುಗುತ್ತದೆ. ಹತ್ತಿ ಸುಳ್ಳು ಹೇಳಬಹುದು; ಆದರೆ ಇವತ್ತು ಆಡಿದ ಒಂದು ಸುಳ್ಳು ಆಗಲೇ ಅಸಲಿ ದನಿಯಲ್ಲಿ ವಾಪಸ್ ಬಂದಿತ್ತು. ಆಯಿಯ ಮಾತನ್ನು ಬಾಯೊಳಗೆ ತಿರುಗಿಸಿ ನೋಡಿದ. ಗಾಲಿ ತಿರಗಸ್ಕೋತ ಬಾಗಲಕ ಬರೂತನಕ. ಮತ್ತೊಮ್ಮೆ ತಿರುಗಿಸಿದ. ಮಾತಿನ ಸಂದಿಯಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಜಾಗ ಕಂಡಿತು.

ಚೀಲಗಳ ನಡುವೆ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲನ್ನು ಕೈಯಿಂದ ತಿರುವತೊಡಗಿದ. ಹಿಂದಿನ ಗಾಲಿ ಗಾಳಿಯಲ್ಲಿ ಗರಗರ ತಿರುಗಿತು.

ಮಾಳಪ್ಪ ಹಿಂದಿನ ಕಿಂಡಿಯಲ್ಲಿ ನೋಡಿದ. "ಏನ್ ತಲಿ ತಿರಗೈತೇನೊ?"

"ಇಲ್ಲ ಕಾಕಾ, ಗಾಲಿ. ಓಡಸ್ರಿ ನೀವು."

ಘಟಪ್ರಭಾ ದಾಟುವ ಹೊತ್ತಿಗೆ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು. ಅರಭಾವಿ ದಾಟುವಾಗ ಅದು ಒಡೆಯಿತು. ಸೂರ್ಯ ಹಿಂದೆ ಕಬ್ಬಿನ ಗರಿಗಳ ಎತ್ತರಕ್ಕೆ ಇಳಿದಿದ್ದ. ಆಗಲೇ ಟೆಂಪೊ ಗಕ್ಕನೆ ನಿಂತಿತು.

ರಸ್ತೆ ತುಂಬ ಕುರಿ. ಈ ತುದಿಯಲ್ಲಿ ಕುರುಬರ ಖಂಡೆಪ್ಪ, ಹೆಗಲ ಮೇಲೊಂದು ಎಳೆಮರಿ.

"ಹಾರ್ನ್ ಹೊಡೀಬ್ಯಾಡ್ರೊ, ಬೆದರತಾವು," ಎಂದ ಖಂಡೆಪ್ಪ. "ಒಂದೀಟ ತಡೀರಿ. ಮುಂದಿನ ಹಿಂಡ ನನ್ನ ಮಗಾ ಹೊಡ್ಕೊಂಡ ಹೊಂಟಾನ, ಅವ ಬದಿಗೆ ಸರಸ್ತಾನ."

ತಡೆಯಲು ಹೊತ್ತೆಲ್ಲಿದೆ? ಸಮ್ಮೇದ ಒಂದು ಕೈಯಲ್ಲಿ ಗಾಲಿ ತಿರುಗಿಸುತ್ತಲೇ ಎದ್ದು ನಿಂತು, ಚಿಕ್ಕಂದಿನಿಂದ ಕೇಳಿದ ಖಂಡೆಪ್ಪನ ಕೂಗನ್ನು ಗಂಟಲಿನ ತಳದಿಂದ ಎಳೆದು ತೆಗೆದ: "ಹುರ್ರ್ರಾ... ತ್ರ್ರೋ, ತ್ರ್ರೋ, ಹೋಯ್..."

ಹಿಂಡು ಕಿವಿ ಎತ್ತಿತು. ದೊಡ್ಡ ಟಗರು ತಿರುಗಿ ಬದಿಯ ಹೊಲಕ್ಕೆ ಇಳಿಯಿತು. ಅದರ ಹಿಂದೆ ಇಡೀ ಹಿಂಡು ನೀರಿನಂತೆ ಇಳಿಯಿತು. ಉಪಾಧ್ಯೆಯವರ ಮುಂದೆ ನಡೆಯದ ದನಿ ಕುರಿಗಳ ಮುಂದೆ ನಡೆದಿತ್ತು.

"ಏ, ನನ್ನ ದನಿ ನನಗ ಕೊಟ್ಟ ಹೋಗೊ," ಎಂದು ಖಂಡೆಪ್ಪ ಕೂಗಿದ್ದು ಹಿಂದೆ ಉಳಿಯಿತು.

ಮಸಗುಪ್ಪಿಯ ತಿರುವಿನಲ್ಲಿ ಮಾಳಪ್ಪ ಬ್ರೇಕಿನ ಮೇಲೆ ಕಾಲಿಟ್ಟ. "ಇಲ್ಲೇ ಇಳದ ಸೈಕಲ್ ಹತ್ತಿ ಹೋಗ. ಯಾರಿಗೆ ತಿಳೀತೈತಿ?"

"ಬಾಗಲತನಕ ಬಿಡ್ರಿ ಕಾಕಾ."

ಮನೆಯ ಕಟ್ಟೆಯ ಮೇಲೆ ರಾಜಮತಿ ಆಯಿ ಗೋಡೆಗೆ ಒರಗಿದ್ದಳು. ತುಟಿಗಳು ಬಿಳಚಿ ಒಡೆದಿದ್ದವು. ಆರತಿಯ ಕೈಯಲ್ಲಿ ತಾಮ್ರದ ತಂಬಿಗೆ, ಪಕ್ಕದಲ್ಲಿ ಉಪಾಧ್ಯೆ. ಬೇವಿನ ಗಿಡದ ಸಂದಿಯಲ್ಲಿ ಸೂರ್ಯನ ಅರ್ಧ ಮಾತ್ರ ಉಳಿದಿತ್ತು. ಟೆಂಪೊ ಹೊಸ್ತಿಲಿಗೆ ಮೂತಿ ಹಚ್ಚಿ ನಿಂತಿತು, ಹಿಂದೆ ಗಾಲಿ ಇನ್ನೂ ತಿರುಗುತ್ತಿತ್ತು.

"ಆಯಿ, ಹುಕ್ಕೇರಿ ದಾಟಿದ ಮ್ಯಾಲ ಟೆಂಪೊದಾಗ ಬಂದೇನಿ," ಎಂದ ಸಮ್ಮೇದ, ತನ್ನದೇ ದನಿಯಲ್ಲಿ. "ಗಾಲಿ ಪಂಕ್ಚರ್ ಆಗಿತ್ತು. ಆದ್ರ ತಿರಗಸೂದ ಬಿಟ್ಟಿಲ್ಲ."

ಉಪಾಧ್ಯೆ ತಲೆಯಾಡಿಸಿದರು. "ಪ್ರದಕ್ಷಿಣಿ ಅಂದ್ರ ಕಾಲ ಬೇಕಲ್ರಿ ರಾಜಮತಿಬಾಯಿ. ಕಾಲ ಎಲ್ಲೈತಿ ಇದರಾಗ?"

ಆಯಿ ಮೊಮ್ಮಗನ ಕೈ ಹಿಡಿದು ಅಂಗೈ ತಿರುಗಿಸಿದಳು. ಚೈನಿನ ಕರೀ ಗ್ರೀಸು, ಅದರ ನಡುವೆ ಒಡೆದ ಗುಳ್ಳೆಯ ಕೆಂಪು. ಸೂರ್ಯ ಗೆರೆಯಷ್ಟಾದ. ಆರತಿಯ ಕೈಯ ತಂಬಿಗೆ ತುಳುಕಿತು.

"ನನ್ನ ನೇಮದಾಗ ಗಾಲಿ ಇತ್ರಿ, ಕಾಲ ಇರಲಿಲ್ಲ," ಎಂದಳು ಆಯಿ ಒಣಗಿದ ಗಂಟಲಲ್ಲಿ. "ಆ ಕಾಲ ಹುಡಕ್ಕೋತ ಕುಂತ್ರ ಈ ಕಾಲ ಮುಳಗತೈತಿ. ತಾರ ಆ ತಂಬಗಿ."

ಗಟಗಟ ಕುಡಿದಳು. ತಂಬಿಗೆ ಇಳಿಸುವುದಕ್ಕೂ ಬೇವಿನ ಹಿಂದೆ ಬೆಳಕು ಆರುವುದಕ್ಕೂ ಸರಿಹೋಯಿತು. ಸಮ್ಮೇದ ಕಟ್ಟೆಯ ಮೇಲೆ ಕುಸಿದು ಕುಳಿತ.

ಬಾಯಿ ಒರೆಸಿಕೊಂಡ ಆಯಿ ಅವನತ್ತ ತಿರುಗಿದಳು. "ನಾಳೆ ನಿಂದೊಂದ ನೇಮ. ಹೊತ್ತ ಹುಟ್ಟಿ ಮುಳಗೂತನಕ ಮೌನ. ಯಾರ ದನೀನೂ ತಗೀಬಾರ್ದು, ನಿಂದೂ."

ಸಮ್ಮೇದ ಏನೋ ಹೇಳಲು ಬಾಯಿ ತೆರೆದ.

"ಆತೇನ್ರಿ?" ಎಂದರು ಉಪಾಧ್ಯೆ.