ಮೆಟ್ಟಿಲ ಬಲ್ಬೂ ಸೇರಿ

ಅವನ ಪೆನ್ನು ಮತ್ತೆ ಮೇಲಕ್ಕೆದ್ದಿತು, ಈ ಸಲ ಮೆಟ್ಟಿಲ ಮೇಲಿನ ಬಲ್ಬಿಗೆ, ಇದು ಬೇಡ ಬಿಡಿ ಮೇಡಂ, ಮೆಟ್ಟಿಲಿಗೆಲ್ಲ ಯಾಕೆ, ಅನ್ನುತ್ತಾ ಗಾಳಿಯಲ್ಲೇ ಒಂದು ಗೀಟು ಎಳೆದ, ಮುಗಿಯಿತು, ಮೆಟ್ಟಿಲ ಬಲ್ಬು ಸತ್ತಿತು — ಬಚ್ಚಲ ಮುಂದಿನದನ್ನು ಆಗಲೇ ಕೊಂದಿದ್ದಾನೆ, ಅಡುಗೆಮನೆಯ ಎರಡರಲ್ಲಿ ಒಂದನ್ನು ಕೊಂದಿದ್ದಾನೆ, ಹಿತ್ತಲ ಬಾಗಿಲಿನದು ಅವನ ಕಣ್ಣಿಗೆ ಬಿದ್ದಿಲ್ಲ, ಪುಣ್ಯ. ಜನರೇಟರ್ ಕಂಪನಿಯವನು, ಈ ಸೆಕೆಯಲ್ಲೂ ಕೊರಳಿಗೆ ಟೈ, ನಾನು ಮನಸ್ಸಿನಲ್ಲೇ ಟೈಯಪ್ಪ ಎಂದು ಹೆಸರಿಟ್ಟಾಗಿದೆ. ಎಸೆನ್ಷಿಯಲ್ ಲೋಡ್ ಅಂತ ಒಂದು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದಾನೆ, ಫ್ರಿಜ್ಜು ಎಸೆನ್ಷಿಯಲ್ಲು, ನೀರಿನ ಪಂಪು ಎಸೆನ್ಷಿಯಲ್ಲು, ಸಾರ್ ಕೂರೋ ರೂಮಿಗೆ ಒಂದು ಲೈಟು ಒಂದು ಫ್ಯಾನು, ಅಷ್ಟಕ್ಕೆ ಚಿಕ್ಕ ಸೆಟ್ಟು ಧಾರಾಳ ಸಾಕು ಮೇಡಂ. ಧಾರಾಳವಂತೆ. ಸೋಫಾದ ಆ ತುದಿಯಲ್ಲಿ ನನ್ನ ತಮ್ಮ, ವೈರಿಂಗ್ ಕಂಟ್ರಾಕ್ಟು ಮಾಡುತ್ತಾನಲ್ಲ, ಹಾಗಾಗಿ ಕರೆಂಟಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ ಎಂಬ ಭಾವದಲ್ಲಿ ಕಾಲ ಮೇಲೆ ಕಾಲು ಹಾಕಿ ತಲೆದೂಗುತ್ತಿದ್ದಾನೆ. ಈ ತುದಿಯಲ್ಲಿ ಇವರ ಅಕ್ಕ, ನನ್ನ ಅತ್ತಿಗೆ, ಜನರೇಟರ್ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ಎರಡು ಬೀದಿ ದಾಟಿ ಬಂದವರು, ಬೇಡವೆಂದರೂ ಬರುವವರು. ಮಧ್ಯದಲ್ಲಿ ಕುರ್ಚಿ ಹಾಕಿಕೊಂಡು, ಹೊಲಿಗೆ ಟೇಪು ಕೊರಳಿನಲ್ಲೇ ಬಿಟ್ಟುಕೊಂಡು, ಚಹಾದ ಕಪ್ಪು ಹಿಡಿದು, ಒಬ್ಬೊಬ್ಬರ ಬಾಯಿಯನ್ನೂ ಸರದಿಯ ಮೇಲೆ ನೋಡುತ್ತಾ ಕೂತಿರುವವರು ಇವರು, ನನ್ನ ಗಂಡ, ಟೈಲರ್, ಹುಟ್ಟಿದಾಗಿನಿಂದ ಕಿವಿ ಕೇಳದವರು. ಸಾರ್ ಕೂರೋ ರೂಮು. ಯಾವುದಪ್ಪ ಅದು, ಈ ಮನೆಯಲ್ಲಿ ನಮ್ಮವರು ಕೂರದ ರೂಮು ಯಾವುದು, ಎಂದು ಕೇಳಬೇಕು, ಕೇಳುತ್ತೇನೆ, ಅವನು ಗೀಟು ಎಳೆದು ಮುಗಿಸಲಿ, ಒಟ್ಟಿಗೇ ಬದುಕಿಸುತ್ತೇನೆ ಎಲ್ಲ ಬಲ್ಬುಗಳನ್ನೂ.

ಅಕ್ಕಾ, ಹಠ ಮಾಡ್ಬೇಡ, ಅನ್ನುತ್ತಿದ್ದಾನೆ ತಮ್ಮ, ಇಡೀ ಮನೆಗೆ ಹಾಕಿಸ್ಬೇಕಂದ್ರೆ ಆನೆ ಸಾಕಿದ ಹಾಗೆ, ಹಿತ್ತಲಲ್ಲಿ ಕಾಂಕ್ರೀಟ್ ಕಟ್ಟೆ ಕಟ್ಟಿಸ್ಬೇಕು, ಕಿಟಕಿಯಿಂದ ದೂರ ಇಡ್ಬೇಕು, ಹೊಗೆ ಒಳಗೆ ಬರ್ಬಾರದು, ನಿನ್ನ ಬಟ್ಟೆ ಒಣಹಾಕೋ ಜಾಗಾನೇ ಹೋಗತ್ತೆ. ಹೋಗಲಿ. ತಂತಿಯನ್ನು ಮಾಳಿಗೆಗೆ ಏರಿಸುತ್ತೇನೆ, ಬಟ್ಟೆಗಳೇನು ಬೇಡವೆನ್ನುತ್ತವೆಯೇ. ಇವನಿಗೆ ಹೇಗೆ ಹೇಳಲಿ, ಮೆಟ್ಟಿಲ ಬಲ್ಬು ಅಂದರೆ ಬಲ್ಬಲ್ಲ ಕಣೋ, ಅದು ನಿನ್ನ ಭಾವನ ದನಿ. ಮೇಲಿನಿಂದ ಎರಡು ಸಲ ಟಕಟಕ ಆರಿಸಿ ಹೊತ್ತಿಸಿದರೆ, ಏ ಇವಳೇ, ಇಲ್ಲಿ ಬಾ, ಎಂದು. ಮೂರು ಸಲವಾದರೆ ಬೇಗ ಬಾ. ಒಂದೇ ಸಮನೆ ಮಿಣಮಿಣ ಅಂದರೆ ಕನ್ನಡಕ ಎಲ್ಲಿಟ್ಟೆ ಎಂದು ನನ್ನ ಮೇಲೆ ಹಾರಾಡುತ್ತಿದ್ದಾರೆ ಎಂದರ್ಥ, ಕನ್ನಡಕ ತಲೆಯ ಮೇಲೇ ಇರುತ್ತದೆ, ಪ್ರತಿ ಸಲವೂ. ಬಾಗಿಲ ಗಂಟೆ ಒತ್ತಿದರೆ ಅಂಗಡಿಕೋಣೆಯ ಬಲ್ಬು ಹೊತ್ತಿಕೊಳ್ಳುತ್ತದೆ, ಅದನ್ನು ಹಾಗೆ ಕೂಡಿಸಿಕೊಟ್ಟವನು ನೀನೇ ಅಲ್ಲವೇನೋ, ಮರೆತೆಯಾ. ಅಡುಗೆಮನೆಯಲ್ಲಿ ಎರಡು ಬಲ್ಬು ಯಾಕೆಂದರೆ ಒಂದೇ ಇದ್ದರೆ ನನ್ನ ಬೆನ್ನು ಅಡ್ಡವಾಗಿ ಅರ್ಧ ಮಾತು ನೆರಳಿಗೆ ಹೋಗುತ್ತದೆ, ನಾನು ಒಗ್ಗರಣೆ ಹಾಕುತ್ತಾ ಎಡಗೈಯಲ್ಲಿ ಹೇಳಿದ್ದು ಇವರಿಗೆ ಕಾಣುವುದಿಲ್ಲ, ಆಮೇಲೆ ನೀನು ಹೇಳಲೇ ಇಲ್ಲ ಎಂದು ವಾದ. ಮತ್ತೆ ಜಗಳ — ನಮ್ಮ ಜಗಳ ನೋಡಿದವರಿಲ್ಲ, ನೋಡಿದರೆ ಕುಣಿಯುತ್ತಿದ್ದಾರೆ ಅಂದುಕೊಂಡಾರು — ಮದುವೆಯಾದ ಹೊಸತರಲ್ಲಿ ಸೋಲುತ್ತೇನೆ ಅನ್ನಿಸಿದ ಕೂಡಲೇ ಇವರು ಸ್ವಿಚ್ ಆರಿಸಿಬಿಡುತ್ತಿದ್ದರು, ನನ್ನ ಬೈಗುಳವೆಲ್ಲ ಕತ್ತಲ ಪಾಲು, ಮರುದಿನ ನಾನೂ ಅದನ್ನೇ ಕಲಿತೆ, ಕೊನೆಗೆ ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು, ಜಗಳ ಮುಗಿಯುವ ತನಕ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಅಂದಿನಿಂದ ಇಂದಿನವರೆಗೆ ಮುಟ್ಟಿಲ್ಲ, ಇಬ್ಬರೂ. ನಮ್ಮಿಬ್ಬರ ಜಗಳದ ಮಧ್ಯೆ ಸ್ವಿಚ್ಚಿಗೆ ಕೈ ಹಾಕಲು ಈ ಕರೆಂಟಿನವರು ಯಾರು, ಅವರಿಗೇನು ನಾವು ಹೆಣ್ಣು ಕೊಟ್ಟಿದ್ದೇವೆಯೇ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಸಾಕು, ಮಾತು ಬಾಯಲ್ಲಿರುವಾಗಲೇ — ಅಲ್ಲ, ಕೈಯಲ್ಲಿರುವಾಗಲೇ — ಢಬ್ ಎಂದು ಕತ್ತಲೆ, ಇವರ ಕೈ ಗಾಳಿಯಲ್ಲಿ ನಿಂತಲ್ಲೇ ನಿಂತುಬಿಡುತ್ತದೆ.

ಹಾಗೆ ನಿಂತದ್ದು ಹೋದ ಬಿರುಗಾಳಿಯ ದಿನ. ಅಡುಗೆಮನೆ ಬಾಗಿಲಲ್ಲಿ ನಿಂತು, ಅಂಗಡಿಗೆ ಬಂದ ಒಬ್ಬ ದಪ್ಪ ವಕೀಲರ ಕಥೆ ಹೇಳುತ್ತಿದ್ದರು, ಆ ವಕೀಲರು ಉಸಿರು ಒಳಗೆಳೆದುಕೊಂಡು ಅಳತೆ ಕೊಡುವುದು, ಇವರು ಬೇಕೆಂದೇ ಟೇಪು ಹಿಡಿದು ಕಾಯುವುದು, ಯಾರು ಮೊದಲು ಸೋಲುತ್ತಾರೆ ಎಂದು ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸುವುದು, ನಾನಾಗಲೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೇನೆ, ಇವರ ಎರಡು ಕೈ ವಕೀಲರ ಹೊಟ್ಟೆಯಷ್ಟು ಅಗಲಕ್ಕೆ ಬಂದು ಈಗ ಒಡೆಯಬೇಕು, ಈಗ — ಹೋಯಿತು. ಬಂದದ್ದು ಎಷ್ಟೋ ದಿನಕ್ಕೆ, ಎಲ್ಲೋ ಕಂಬ ಉರುಳಿತ್ತಂತೆ, ತಮ್ಮ ಹಾಕಿಸಿಕೊಟ್ಟ ಇನ್ವರ್ಟರು ಮೊದಲನೇ ಸಂಜೆಯೇ ಕೀಂ ಕೀಂ ಎಂದು ಅತ್ತು ಕಣ್ಣು ಮುಚ್ಚಿದ್ದು ಇನ್ನೂ ತೆರೆದಿಲ್ಲ. ಟಾರ್ಚ್ ಇತ್ತಲ್ಲ ಅನ್ನುತ್ತಾನೆ ಇವನು. ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಒಂದು ಕೈಯಲ್ಲಿ ಅರ್ಧ ನಾಲಿಗೆ, ನಾನು ಹಿಡಿದರೆ ಬೆಳಕು ಇವರ ಕಣ್ಣಿಗೆ ಚುಚ್ಚಿ ನನ್ನ ಉತ್ತರ ಕಾಣುವುದಿಲ್ಲ, ಕಳ್ಳನನ್ನು ಹಿಡಿದವರ ಹಾಗೆ ಮುಖಕ್ಕೆ ಬೆಳಕು ಬಿಡಬೇಡ ಎಂದು ಇವರು ಮುಖ ತಿರುಗಿಸಿಬಿಟ್ಟರು. ಮೋಂಬತ್ತಿ ಹಚ್ಚಿದರೆ ಕೈಗಿಂತ ಕೈಯ ನೆರಳೇ ದೊಡ್ಡದು, ಗೋಡೆ ತುಂಬ ಗಡಿಬಿಡಿ. ಕೊನೆಗೆ ಅಂಗೈಯಲ್ಲಿ ಬೆರಳಿನಿಂದ ಬರೆದೆವು, ಒಂದೊಂದೇ ಅಕ್ಷರ, ಹಾಗೆ ಎಷ್ಟು ಬರೆದಾರು, ನೀರು, ಊಟ, ನಿದ್ದೆ, ಅಷ್ಟೇ. ವಕೀಲರ ಹೊಟ್ಟೆಯನ್ನು ಅಂಗೈಯಲ್ಲಿ ಬರೆಯಲಾಗುತ್ತದೆಯೇ. ಇಡೀ ದಿನ ಕಥೆ ಕಟ್ಟುವ ಮನುಷ್ಯ, ಸಂಜೆಯಾಗುತ್ತಿದ್ದಂತೆ ನೀರು ಊಟ ನಿದ್ದೆ ಆಗಿಬಿಟ್ಟರು, ಇವರ ಅಕ್ಕನ ಲೆಕ್ಕದಲ್ಲಿ ಇವರು ಯಾವಾಗಲೂ ಇದ್ದ ಹಾಗೆ. ಕರೆಂಟು ಬಂದ ದಿನ ಓಡಿಹೋಗಿ ಕೇಳಿದೆ, ಹೊಟ್ಟೆ ಒಡೆಯೋದ್ರಲ್ಲಿತ್ತಲ್ವಾ, ಮುಂದೆ ಏನಾಯ್ತು. ಇವರು ಮೆಷಿನ್ನಿನಿಂದ ತಲೆ ಎತ್ತಲಿಲ್ಲ, ಎರಡು ಬೆರಳು ಹಗುರಾಗಿ ಝಾಡಿಸಿದರು, ಏನಿಲ್ಲ ಬಿಡು.

ಏನಿಲ್ಲ ಬಿಡು. ಆ ಎರಡು ಬೆರಳು ನನಗೆ ಗೊತ್ತು, ಅದು ಇವರದಲ್ಲ, ಅದು ಈ ಸೋಫಾದ ತುದಿಯಲ್ಲಿ ಕೂತಿರುವವರದು. ಇವರ ಅಕ್ಕನಿಗೆ ತಮ್ಮನ ಜೊತೆ ಬೆಳೆದೂ ಬಂದದ್ದು ನಾಲ್ಕೇ ಮಾತು, ಬಾ, ತಿನ್ನು, ಮಲಗು, ಏನಿಲ್ಲ ಬಿಡು. ಮನೆಮಂದಿಯೆಲ್ಲ ಊಟಕ್ಕೆ ಕೂತು ಗೊಳ್ಳೆಂದು ನಗುವಾಗ ಹುಡುಗ ಅವರಿವರ ತೋಳು ಎಳೆದು ಏನು, ಏನು, ಎಂದು ಕೇಳುತ್ತಿದ್ದನಂತೆ, ಎಲ್ಲರೂ ಅದೇ ಎರಡು ಬೆರಳು, ಏನಿಲ್ಲ ಬಿಡು, ಆಮೇಲೆ ಹೇಳ್ತೀವಿ. ಆ ಆಮೇಲೆ ಇನ್ನೂ ಬಂದಿಲ್ಲ. ನಾವು ಈ ಮನೆಗೆ ಬಂದ ದಿನವೇ ನಾನು ಆ ಬೆರಳುಗಳನ್ನು ಹೊರಗೆ ಹಾಕಿದ್ದೆ, ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದೆ, ಇಲ್ಲಿ ಏನಿಲ್ಲ ಎನ್ನುವುದು ಏನೂ ಇಲ್ಲ, ಎಲ್ಲವನ್ನೂ ಹೇಳಬೇಕು, ಹಾಳು ಹರಟೆಯನ್ನೂ ಹೇಳಬೇಕು. ಈಗ ಕತ್ತಲೆ ಬಂದು ಅದನ್ನೇ ಇವರಿಗೆ ಕಲಿಸಿಕೊಟ್ಟು ಹೋಯಿತಲ್ಲ, ಆ ಹೊಟ್ಟೆಯುರಿ ನನಗೆ. ಈವತ್ತು ಬೆಳಿಗ್ಗೆ ಕೂಡ, ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯಲ್ಲೇ ಹೇಳಿದರು, ಒಂದು ರೂಮ್ ಸಾಕು, ಕರೆಂಟ್ ಇಲ್ಲದಾಗ ಅಲ್ಲೇ ಇರ್ತೀನಿ, ಬಿಡು, ಮತ್ತೆ ಎರಡು ಬೆರಳು, ಸೋಪಿನ ನೊರೆ ಕನ್ನಡಿಗೆ ಸಿಡಿಯಿತು. ಇಲ್ಲ. ಬಿಡುವುದಿಲ್ಲ. ಈ ಮನೆಗೆ ನಾವು ಬಂದಾಗ ಖಾಲಿ ಹಾಲಿನಲ್ಲಿ ನಿಂತು ಇವರು ಎರಡೂ ಕೈ ಎತ್ತಿ ಬೆರಳ ತುದಿಗೆ ಬೆರಳ ತುದಿ ಕೂಡಿಸಿ ಸೂರು ಮಾಡಿ ತೋರಿಸಿದ್ದರು, ಮನೆ, ನಮ್ಮ ಮನೆ, ಮತ್ತೆ ಮತ್ತೆ, ಮಕ್ಕಳ ಹಾಗೆ. ಇಡೀ ಮನೆಗೆ ಸೂರು ಮಾಡಿ ತೋರಿಸಿದವರನ್ನು ಒಂದು ಫ್ಯಾನು ಒಂದು ಲೈಟಿನ ಕೆಳಗೆ ಕೂರಿಸಲು ನಾನೇನು ಇವರನ್ನು ಸಾಕಿಕೊಂಡಿದ್ದೇನೆಯೇ.

ಸೈಲೆಂಟ್ ಮಾಡೆಲ್ ಇದೆ ಮೇಡಂ, ಸೌಂಡೇ ಬರಲ್ಲ, ಅನ್ನುತ್ತಿದ್ದಾನೆ ಟೈಯಪ್ಪ. ತಮ್ಮ ನಗುತ್ತಾನೆ, ಭಾವನಿಗೆ ಸೈಲೆಂಟ್ ಯಾಕ್ರೀ, ಅವರಿಗೆ ಎಲ್ಲ ಮಾಡೆಲ್ಲೂ ಸೈಲೆಂಟೇ. ಟೈಯಪ್ಪ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿ ನಕ್ಕ, ಅತ್ತಿಗೆಯೂ ಸೆರಗು ಬಾಯಿಗೆ ಒತ್ತಿಕೊಂಡರು. ಇವರು ತಕ್ಷಣ ಹುಬ್ಬೇರಿಸಿದರು, ಏನು. ಅತ್ತಿಗೆಯ ಎರಡು ಬೆರಳು ಆಗಲೇ ಎದ್ದಿವೆ, ಏನಿಲ್ಲ — ಇರಿ ಅತ್ತಿಗೆ, ಕೈ ಇಳಿಸಿ, ನಾನು ಹೇಳ್ತೀನಿ, ಎಂದು ಇದ್ದದ್ದನ್ನು ಇದ್ದ ಹಾಗೆ ಕೈಯಲ್ಲಿ ಹೇಳಿದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ, ನಕ್ಕು, ಕಪ್ಪು ಪಕ್ಕಕ್ಕಿಟ್ಟು ಹೇಳಿದರು, ಎಲ್ಲಕ್ಕಿಂತ ಗಲಾಟೆ ಮಾಡೋದನ್ನೇ ಹಾಕ್ಸು, ಬೀದಿಯವರಿಗೆಲ್ಲ ಕಿವಿ ಹೋಗ್ಲಿ, ನನಗೂ ಮಾತಾಡೋಕೆ ಜನ ಸಿಗ್ತಾರೆ. ಅದನ್ನು ನಾನು ಬಾಯಲ್ಲಿ ಹೇಳಿದಾಗ ಟೈಯಪ್ಪ ಮೊದಲ ಸಲ ನಿಜವಾಗಿ ನಕ್ಕ, ಇವರ ಕಡೆ ತಿರುಗಿದ, ಮನುಷ್ಯರ ಕಡೆ ತಿರುಗುವ ಹಾಗೆ. ಇವನು ಹೀಗೆಲ್ಲ ಮಾತಾಡ್ತಾನಾ, ಎಂದರು ಅತ್ತಿಗೆ ಮೆಲ್ಲಗೆ. ಮಾತಾಡ್ತಾರೆ ಅತ್ತಿಗೆ, ನೀವು ಎದ್ದುಹೋದ ಮೇಲೆ ಇನ್ನೂ ಚೆನ್ನಾಗಿ ಮಾತಾಡ್ತಾರೆ, ಅದನ್ನು ನುಂಗಿಕೊಂಡೆ. ಹೊರಗೆ ಗಾಳಿ ಎದ್ದಿದೆ, ಕಿಟಕಿ ಬಡಿಯುತ್ತಿದೆ, ಮುಸ್ಸಂಜೆಗೇ ಆಕಾಶ ಕಪ್ಪಿಟ್ಟಿದೆ. ಪಾಪ, ಅವನಿಗೆ ಒಂದು ಬಲ್ಬು ಸಾಕು ಕಣೇ, ಅನ್ನುತ್ತಿದ್ದಾರೆ ಅತ್ತಿಗೆ, ಚಿಕ್ಕಂದಿನಿಂದ ಅವನು ಹಾಗೇ, ಕೂರಿಸಿದಲ್ಲಿ ಕೂರ್ತಾನೆ, ಯಾರಿಗೂ ತೊಂದ್ರೆ ಕೊಟ್ಟವನೇ ಅಲ್ಲ. ಅದೇ ಅಲ್ಲವೇ ತೊಂದರೆ. ಸರಿ ಅತ್ತಿಗೆ, ನೀವು ಹೇಳಿದ್ರಿ, ತಮ್ಮ ಹೇಳ್ದ, ನಾನು ನನ್ನ ಪಾಡಿಗೆ ಹಠ ಮಾಡ್ತಿದ್ದೀನಿ, ಮನೆ ಯಜಮಾನ್ರನ್ನ ಯಾರಾದ್ರೂ ಕೇಳಿದ್ರಾ. ಟೈಯಪ್ಪ ಪೆನ್ನು ಇಳಿಸಿದ. ಒಳ್ಳೆಯವನೇ, ಪಾಪ. ನೇರ ಇವರ ಮುಖ ನೋಡಿ, ನಿಧಾನವಾಗಿ, ಸಾರ್, ನೀವ್ ಹೇಳಿ, ಒಂದ್ ರೂಮಾ, ಇಡೀ ಮನೇನಾ. ನಾನು ಕೈಯಲ್ಲಿ ತಿರುಗಿಸಿ ಹೇಳಿದೆ, ನನ್ನದೇನೂ ಸೇರಿಸಲಿಲ್ಲ, ಆಣೆ. ಇವರೇ ಒಂದು ರೂಮ್ ಸಾಕು ಬಿಡು ಎಂದುಬಿಟ್ಟರೆ, ಈ ಮೂವರ ಎದುರು ಆ ಎರಡು ಬೆರಳು ಎದ್ದುಬಿಟ್ಟರೆ, ನಾನು ಯಾರ ಪರವಾಗಿ ಹೊಡೆದಾಡಲಿ.

ಇವರು ಎದ್ದು ನಿಂತರು. ಕೂತು ಹೇಳುವ ಮಾತಲ್ಲವಂತೆ. ಟೇಪನ್ನು ಕೊರಳಿನಿಂದ ತೆಗೆದು ಕುರ್ಚಿಯ ಮೇಲೆ ಹಾಕಿ, ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಅಕ್ಕನ ಮುಖ ನೋಡಿದರು, ನನ್ನ ತಮ್ಮನ ಮುಖ, ಟೈಯಪ್ಪನ ಮುಖ, ಕೊನೆಗೆ ನನ್ನದು, ಎರಡು ಬೆರಳಲ್ಲ, ಎರಡೂ ಕೈ ಎತ್ತಿದರು, ಎದೆಯ ಎತ್ತರಕ್ಕೆ, ಬೆರಳುಗಳು ನೆಟ್ಟಗೆ, ಆಚೆಯ ಕೈ ಈಚೆಗೆ ವಾಲಿ ಈಚೆಯದು ಆಚೆಗೆ ವಾಲಿ ತುದಿಗೆ ತುದಿ ಇನ್ನೇನು ತಾಗಬೇಕು — ಢಬ್. ಫ್ಯಾನು ಗರ್ ಎಂದು ನಿಧಾನವಾಯಿತು. ಕತ್ತಲೆ. ಥೂ, ಈ ಕರೆಂಟು, ಎಂದ ತಮ್ಮ. ನೋಡಿ ಮೇಡಂ, ಇದಕ್ಕೇ ಹೇಳೋದು ಬೇಗ ಬುಕ್ ಮಾಡ್ಬೇಕು ಅಂತ, ಎಂದ ಟೈಯಪ್ಪ. ನಿಲ್ಲಲಿಲ್ಲ, ಯಾರೂ ನಿಲ್ಲಲಿಲ್ಲ, ಮಾತು ಕತ್ತಲಲ್ಲಿ ಒಂದು ಹೆಜ್ಜೆಯೂ ಎಡವದೆ ನಡೆದೇಬಿಟ್ಟಿತು, ಹಾಗಾದ್ರೆ ಚಿಕ್ಕ ಸೆಟ್ಟೇ ಅಂತ ಇಟ್ಕೊಳ್ಳೋಣ ಅಲ್ವಾ, ಹೂಂ ಅದೇ ಸಾಕು, ಡೀಸೆಲ್ಲಾ ಗ್ಯಾಸಾ, ಗ್ಯಾಸ್ ಒಳ್ಳೇದು ಅಂತಾರಪ್ಪ, ಅವನ ರೂಮು ಹಿಂದಿನದು ಆದ್ರೆ ತಂಪಾಗಿರತ್ತೆ, ಮೂರು ದನಿ, ಕೆಳಕ್ಕೆ ಮೇಲಕ್ಕೆ, ಸಲೀಸಾಗಿ, ಬೆಳಕಿನ ಹಂಗೇ ಇಲ್ಲದ ದನಿಗಳು. ತಮ್ಮ ಮೊಬೈಲಿನ ಟಾರ್ಚ್ ಹೊತ್ತಿಸಿದ. ಬೆಳಕನ್ನು ಬಿಟ್ಟದ್ದು ಎಲ್ಲಿಗೆ, ಟೈಯಪ್ಪನ ಮಡಿಲಲ್ಲಿದ್ದ ಜನರೇಟರಿನ ಬಣ್ಣದ ಚಿತ್ರದ ಮೇಲಕ್ಕೆ, ಮೂರು ತಲೆಗಳೂ ಆ ಚಿತ್ರದ ಮೇಲೆ ಬಾಗಿದವು, ಮಾತಾಡಲು ಎದ್ದು ನಿಂತ ಮನುಷ್ಯ ಅದರ ಆಚೆಗೆ, ಕತ್ತಲಲ್ಲಿ.

ನಾನು ಬಸ್‌ಸ್ಟ್ಯಾಂಡಿನಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವವಳು. ಬರುವ ಬಸ್ಸು, ಹೋಗುವ ಬಸ್ಸು, ತಡವಾದ ಬಸ್ಸು. ಊರಿಗೆಲ್ಲ ನನ್ನ ದನಿ ಗೊತ್ತು, ಗೊತ್ತಿಲ್ಲದವರು ಇವರೊಬ್ಬರೇ. ಆ ದನಿಯನ್ನು ನಾನು ಎಂದೂ ಮನೆಯೊಳಗೆ ತಂದವಳಲ್ಲ, ಇಲ್ಲಿ ಅದರ ಕೆಲಸವಿಲ್ಲ. ಈಗ ತಂದೆ. ನಿಲ್ಸಿ, ಎಂದೆ. ಕಿಟಕಿಯ ಗಾಜು ಅದುರಿತು. ಎಲ್ಲರೂ ಬಾಯಿ ಮುಚ್ಚಿ. ಟಾರ್ಚ್ ಆರ್ಸೋ. ಆರ್ಸು ಅಂದೆ. ಅಕ್ಕಾ, ಏನಾಯ್ತೇ — ಇವ್ರು ಮಾತಾಡ್ತಾ ಇದ್ದಾರೆ, ಇನ್ನೂ ಮುಗಿದಿಲ್ಲ, ದೀಪ ಬರೋವರೆಗೂ ಯಾರೂ ಉಸಿರೆತ್ತೋ ಹಾಗಿಲ್ಲ, ಅತ್ತಿಗೆ ನೀವೂ. ಟಾರ್ಚ್ ಆರಿತು. ಟೈಯಪ್ಪನ ಪೆನ್ನು ಕೆಳಗೆ ಬಿದ್ದು ಉರುಳಿದ್ದು ಕೇಳಿಸಿತು, ಹುಡುಕಲು ಧೈರ್ಯವಾಗಲಿಲ್ಲ ಅವನಿಗೆ. ಅತ್ತಿಗೆಯ ಬಳೆ ಒಂದು ಸಲ ಸದ್ದು ಮಾಡಿ ಸುಮ್ಮನಾಯಿತು. ಕೂರಲಿ, ಹೀಗೇ ಕೂರಲಿ, ಏನು ನಡೆಯುತ್ತಿದೆ ಎಂದು ಗೊತ್ತಾಗದೆ, ಕೇಳಲೂ ಆಗದೆ, ಕೂರಿಸಿದಲ್ಲಿ ಕೂರುವುದು ಎಂದರೆ ಏನೆಂದು ಒಂದು ಗಳಿಗೆ ಗೊತ್ತಾಗಲಿ. ದೊಡ್ಡದೇ ಬರಲಿ, ಹಿತ್ತಲು ಪೂರ್ತಿ ತಿನ್ನಲಿ, ಮೆಟ್ಟಿಲ ಬಲ್ಬೂ ಸೇರಿ, ಹಿತ್ತಲ ಬಾಗಿಲಿನದೂ ಸೇರಿ, ನಾಳೆಯೇ ಕಟ್ಟೆ ಕಟ್ಟಲಿ. ಕರೆಂಟು ಹೋದ ಮೇಲೆ ಅದು ತಾನೇ ಹೊತ್ತಿಕೊಳ್ಳಲು ಒಂದು ಉಸಿರೆಳೆಯುವಷ್ಟು ಹೊತ್ತು ಬೇಕು ಎಂದಿದ್ದ ಟೈಯಪ್ಪ, ಅಷ್ಟು ಬೇಕಾದರೆ ಕೊಡುತ್ತೇನೆ, ಅದಕ್ಕಿಂತ ಹೆಚ್ಚು ಕೊಡುವುದಿಲ್ಲ ಕತ್ತಲೆಗೆ. ಇವರ ಕಡೆ ಎರಡು ಹೆಜ್ಜೆ ಇಡಬಹುದು, ಕೈ ಹಿಡಿದುಕೊಳ್ಳಬಹುದು, ಇಡುವುದಿಲ್ಲ, ಹಿಡಿದರೆ ಮಾತು ಕೆಡುತ್ತದೆ, ಅವರದನ್ನು ಅವರೇ ಮುಗಿಸಬೇಕು, ಬೆಳಕಿನಲ್ಲಿ, ಇವರೆಲ್ಲರ ಕಣ್ಣೆದುರು. ಗಾಳಿ. ಕಿಟಕಿ. ಯಾರೂ ಮಾತಾಡುತ್ತಿಲ್ಲ. ಇಳಿಸಿಲ್ಲ, ನನಗೆ ಗೊತ್ತು, ಬಟ್ಟೆ ಸರಿದ ಸದ್ದಿಲ್ಲ, ಕುರ್ಚಿ ಕಿರುಗುಟ್ಟಿಲ್ಲ, ಇವರು ಕೈ ಇಳಿಸಿಲ್ಲ — ಅಲ್ಲೇ ಇವೆ, ಎದೆಯ ಎತ್ತರಕ್ಕೆ, ಒಂದರ ಕಡೆಗೊಂದು ವಾಲಿಕೊಂಡು, ತುದಿಗೆ ತುದಿ ಇನ್ನೂ ತಾಗಿಲ್ಲ, ನಡುವೆ ಒಂದು ಬೆರಳಿನಷ್ಟು ಜಾಗ, ಎರಡು ಕೈ —