ತಿದ್ದದ ನಗು

ಸುತ್ತಿದ್ದ ಕಾಗದ ಬಿಚ್ಚುತ್ತಿದ್ದ ಮಗಳ ಕೈ ಅರ್ಧಕ್ಕೇ ನಿಂತಿತು. ಶವದ ವಾಹನದ ಮುಂದೆ ಕಟ್ಟಲು ತಂದ ಫೋಟೊ ಅದು. ಅಮ್ಮ ನಗುತ್ತಿದ್ದಳು, ಆದರೆ ಅದು ಅಮ್ಮನ ಬಾಯಿ ಅಲ್ಲ. ಒಸಡು ಮಾಯವಾಗಿ ಹಲ್ಲುಗಳು ಸಾಲಾಗಿ ಹೊಳೆಯುತ್ತಿದ್ದವು, ಹಲ್ಲುಪುಡಿಯ ಜಾಹೀರಾತಿಗೆ ಹೇಳಿ ಮಾಡಿಸಿದ ಹಾಗೆ.

“ಯಾರಿದು?” ಎಂದಳು.

ಸ್ಟುಡಿಯೋ ಯಜಮಾನರು ತಲೆ ತಗ್ಗಿಸಿದರು. ಬೆಳಗ್ಗೆಯಿಂದ ಕೂತು ತಾವೇ ತಿದ್ದಿದ್ದರು, ಅದೂ ಪ್ರೀತಿಯಿಂದ. ಅವರ ಸ್ಟುಡಿಯೋದಿಂದ ಯಾರ ಮುಖವೂ ತಿದ್ದಿಸಿಕೊಳ್ಳದೆ ಹೊರಗೆ ಹೋಗುತ್ತಿರಲಿಲ್ಲ. ಊರವರ ಮೊಡವೆ, ಮಚ್ಚೆ, ಬೋಳುತಲೆಗಳನ್ನೆಲ್ಲ ಅಷ್ಟು ವರ್ಷ ಅಲ್ಲಿ ಕುಂಚ ಹಿಡಿದು ತಿದ್ದಿದವಳು ಈ ಅಮ್ಮನೇ.

ದೊಡ್ಡಮ್ಮ ನಡುವೆ ಬಂದರು. “ನಾನೇ ಹೇಳಿದ್ದು ಕಣೇ. ನಾಲ್ಕು ಜನ ನೋಡ್ತಾರೆ. ಕೊನೇ ದಿನವಾದ್ರೂ ಚೆನ್ನಾಗಿ ಕಾಣ್ಲಿ.”

“ಅಮ್ಮ ಚೆನ್ನಾಗೇ ಇದ್ಲು, ದೊಡ್ಡಮ್ಮ.”

ಪಕ್ಕದಲ್ಲಿ ಅಮ್ಮ ಮಲಗಿದ್ದಳು. ಗದ್ದಕ್ಕೆ ಬಟ್ಟೆ ಕಟ್ಟಿ ಬಾಯಿ ಮುಚ್ಚಿಸಿದ್ದರು. ಬದುಕಿದ್ದಾಗ ಅವಳ ಅಕ್ಕ, ಈ ದೊಡ್ಡಮ್ಮನಿಂದ ಆಗದೇ ಹೋದ ಕೆಲಸ ಅದು.

*

ವರ್ಷಗಳ ಹಿಂದೆ ಮಾತ್ರೆ ಅಮ್ಮನ ಫಿಟ್ಸನ್ನು ಹಿಡಿದು ನಿಲ್ಲಿಸಿತು, ಒಸಡನ್ನು ಬೆಳೆಸಿತು. ಕತ್ತರಿಸಿದರೂ ಮತ್ತೆ ಬೆಳೆದು ಹಲ್ಲುಗಳನ್ನು ಅರ್ಧ ಮುಳುಗಿಸಿತು. ಬಾಯಿ ಮುಚ್ಚಿಕೊಂಡು ನಗು ಎಂದು ಅಕ್ಕ ಸದಾ ಪಿಸುಗುಟ್ಟುತ್ತಿದ್ದಳು. ಕೆಲವು ವರ್ಷ ಅಮ್ಮ ಅಂಗೈ ಅಡ್ಡ ಹಿಡಿದೇ ನಕ್ಕಳು.

ಆಮೇಲೆ ಡಾಕ್ಟರು ಬೇರೆ ಮಾತ್ರೆ ಕೊಟ್ಟರು. ಒಸಡು ಇಳಿಯತೊಡಗಿತು, ಅಕ್ಕ ಹಿಗ್ಗಿದಳು. ಆದರೆ ಕುಂಚ ಹಿಡಿದ ಕೈ ನಡುಗತೊಡಗಿತು. ಮದುಮಗಳೊಬ್ಬಳ ಫೋಟೊದಲ್ಲಿ ಹುಬ್ಬು ತಿದ್ದಲು ಹೋಗಿ ಹಣೆಯವರೆಗೂ ಗೀಟೆಳೆದಳು. ನೀರಿನ ಬಣ್ಣ, ಒದ್ದೆ ಹತ್ತಿಯಲ್ಲಿ ಒರೆಸಿದರೆ ಹೋಗುತ್ತಿತ್ತು; ನಡುಕ ಹೋಗಲಿಲ್ಲ. ಮಾತ್ರೆ ತಗ್ಗಿಸಿ ನೋಡಿದರು, ಫಿಟ್ಸ್ ಮರಳಿ ಬಂತು. ಕೊನೆಗೆ ಡಾಕ್ಟರ ಎದುರು ಹೋಗಿ ಕೂತಳು.

“ಹಳೇ ಮಾತ್ರೇನೇ ಬರೀರಿ.”

“ಒಸಡು ಮತ್ತೆ ಬೆಳೆಯುತ್ತಮ್ಮ.”

“ಬೆಳೀಲಿ. ನನಗೆ ಕೈ ಬೇಕು. ನನ್ನ ಬಾಯಿ ನೋಡೋಕಾಗದವರು ಅವರ ಕಣ್ಣು ಮುಚ್ಕೊಳ್ಳಲಿ.”

ಒಸಡು ಪೂರ್ತಿ ಬೆಳೆದ ಮೇಲೆ ಈ ಫೋಟೊ ತೆಗೆಸಿಕೊಂಡಳು. ಅಡ್ಡ ಬರುತ್ತಿದ್ದ ಅಂಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯ್ತುಂಬ ನಕ್ಕಳು.

*

ವಾಹನ ಬಾಗಿಲಿಗೆ ಬಂದು ನಿಂತಿತು. ಬೇರೆ ಪ್ರತಿ ತರಲು ಹೊತ್ತಿಲ್ಲ ಎಂದು ಯಜಮಾನರು ಕೈ ಹಿಸುಕಿಕೊಂಡರು. ಆದದ್ದಾಯಿತು, ಸತ್ತವಳ ಮುಂದೆ ಜಗಳ ಬೇಡ ಎಂದರು ದೊಡ್ಡಮ್ಮ.

ಮಗಳು ಚೌಕಟ್ಟಿನ ಹಿಂದಿನ ಮೊಳೆ ಕೀಳುತ್ತಿದ್ದಳು. “ಯಾವ ಬಣ್ಣ ಹಾಕಿದ್ರಿ?”

ಯಜಮಾನರು ಹತ್ತಿರ ಬಗ್ಗಿದರು. “ನಿಮ್ಮಮ್ಮನ ಪೆಟ್ಟಿಗೇದೇ. ನೀರಿನ ಬಣ್ಣ.”

ಹೇಳಿ ಅವರೇ ಹೋಗಿ ಹತ್ತಿ ಒದ್ದೆ ಮಾಡಿ ತಂದುಕೊಟ್ಟರು. ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದರು.

“ಬಿಡಿ ದೊಡ್ಡಮ್ಮ. ಅಮ್ಮ ಹೇಳ್ತಿದ್ದಳಲ್ಲ, ನೋಡೋಕಾಗದವರು ಕಣ್ಣು ಮುಚ್ಕೊಳ್ಳಲಿ.”

ದೊಡ್ಡಮ್ಮನ ಕೈ ಸಡಿಲವಾಯಿತು. ಬಿಳಿ ಬಣ್ಣ ಹತ್ತಿಗೆ ಅಂಟುತ್ತ ಹೋಯಿತು. ಹಲ್ಲುಗಳು ಒಂದೊಂದಾಗಿ ಮೋಟಾದವು, ಉಬ್ಬಿದ ಒಸಡು ಅಡಿಯಿಂದ ಎದ್ದು ಬಂತು. ಮಗಳು ಒದ್ದೆ ಆರುವ ಮೊದಲೇ ಫೋಟೊವನ್ನು ವಾಹನದ ಮುಂದೆ ಬಿಗಿಯಾಗಿ ಕಟ್ಟಿದಳು.

ವಾಹನ ಹೊರಟಿತು. ಒಳಗೆ ಬಾಯಿ ಕಟ್ಟಿಸಿಕೊಂಡು ಮಲಗಿದ್ದವಳು, ಮುಂದೆ ಒಸಡೆಲ್ಲ ಕಾಣುವಂತೆ ಇಡೀ ಬೀದಿಯತ್ತ ನಗುತ್ತ ಹೋದಳು.