ಹದಿಮೂರನೆಯ ಗೆಣ್ಣು

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸತ್ತ ಜೇನಿನ ಎಡಗಡೆಯ ಮೀಸೆ ಅಂಟಿನಿಂದ ಬಿಡಿಸಿಕೊಂಡಿತು. ಹದಿನಾಲ್ಕು ತಿಂಗಳಿಂದ ಅದು ಗದ್ದದ ಕೆಳಗೆ ಮಡಚಿಕೊಂಡೇ ಇತ್ತು. ಮಧ್ಯಾಹ್ನ ಮೂರಕ್ಕೆ ವಿಚಾರಣೆ; ಕಡತಕ್ಕೆ ಒಂದು ಫೋಟೋ ಬೇಕೆಂದು, ಆಫೀಸಿನಲ್ಲಿ ಜೇನುಗಳ ಜಾತಿ ಗುರುತಿಸುವ ಆಕೆ ಹುಳವನ್ನು ಪೆಟ್ಟಿಗೆಯಿಂದ ತೆಗೆದು, ಸೂಜಿಯ ಮೊನೆಯಿಂದ ಮುಖವನ್ನು ಸ್ವಲ್ಪ ಈಚೆಗೆ ತಿರುಗಿಸಿದ್ದಳು, ಅಷ್ಟೆ.

ಇಪ್ಪತ್ತಾರು ವರ್ಷದ ಅಭ್ಯಾಸ. ಕಣ್ಣು ತಾನಾಗಿಯೇ ಗೆಣ್ಣು ಎಣಿಸಿತು. ಹದಿಮೂರು. ತುದಿಯಿಂದ ಬುಡಕ್ಕೆ ಎಣಿಸಿದಳು. ಆಗಲೂ ಹದಿಮೂರು.

ಹೆಣ್ಣು ಜೇನಿನ ಮೀಸೆಗೆ ಹನ್ನೆರಡು ಗೆಣ್ಣು, ಗಂಡಿನದಕ್ಕೆ ಹದಿಮೂರು. ಹೆಚ್ಚಿನ ಕಾಡುಜೇನುಗಳಲ್ಲಿ ಇದನ್ನು ಎಣಿಸುವ ತೊಂದರೆಯೇ ಇಲ್ಲ. ಹಿಂಗಾಲಿನಲ್ಲೋ ಹೊಟ್ಟೆಯ ಅಡಿಯಲ್ಲೋ ಪರಾಗ ಹೊರುವ ಕೂದಲ ಕುಚ್ಚಿದ್ದರೆ ಅದು ಹೆಣ್ಣು. ಈ ಜಾತಿಗೆ ಕುಚ್ಚಿಲ್ಲ. ಅಕ್ಕಿ ಕಾಳಿನಷ್ಟು ಉದ್ದದ, ಬೋಳು ಮೈಯ ಕಪ್ಪು ಹುಳ. ಪರಾಗವನ್ನು ನುಂಗಿಕೊಂಡು ಒಯ್ಯುತ್ತದೆ. ಮುಖದ ಹಳದಿ ಮಚ್ಚೆ ಗಂಡಿಗೂ ಹೆಣ್ಣಿಗೂ ಹೆಚ್ಚುಕಡಿಮೆ ಒಂದೇ. ಇದರ ಹೊಟ್ಟೆಯ ತುದಿ ಒಣಗಿ ಒಳಕ್ಕೆ ಸುರುಟಿಕೊಂಡಿದ್ದರಿಂದ ಅಲ್ಲಿನ ಪಟ್ಟಿಗಳನ್ನೂ ಎಣಿಸುವಂತಿರಲಿಲ್ಲ. ಹೋದ ವರ್ಷ ಕಾಣುತ್ತಿದ್ದದ್ದು ಬಲಗಡೆಯ ಮೀಸೆ ಒಂದೇ. ಅದರಲ್ಲಿ ಹನ್ನೆರಡು ಎಣಿಸಿ, 'ಹೆಣ್ಣು' ಎಂದು ಬರೆದು ಸಹಿ ಹಾಕಿದ್ದಳು.

ಆ ಒಂದು ಪದದ ಮೇಲೆ ಬಸ್ ಡಿಪೋದ ಹಿಂದಿನ ಖಾಲಿ ಜಾಗದಲ್ಲಿ ರಿಪೇರಿ ಶೆಡ್ ಕಟ್ಟುವ ಕೆಲಸ ನಿಂತಿತ್ತು. ಹುಳ ಸಿಕ್ಕಿದ್ದು ಅಲ್ಲೇ, ಜಾತಿಯೂ ಅಪರೂಪದ್ದು. ಹೆಣ್ಣು ಒಣಗಿದ ಟೊಳ್ಳು ಕಡ್ಡಿಗಳೊಳಗೆ ಗೂಡು ಕಟ್ಟುತ್ತದೆ. ಹೆಣ್ಣು ಸಿಕ್ಕಿತೆಂದರೆ ಅಲ್ಲಿ ಗೂಡಿದೆ ಎಂದು ಲೆಕ್ಕ. ಗಂಡು ಎಲ್ಲಿಂದಲಾದರೂ ಹಾರಿ ಬಂದಿರಬಹುದು, ಅದು ಸಾಕ್ಷಿಯಲ್ಲ ಎನ್ನುತ್ತದೆ ನಿಯಮ. ಹಾಗಾಗಿ ಡಿಪೋದ ಮೆಕ್ಯಾನಿಕ್‌ಗಳು ಒಂದು ವರ್ಷದಿಂದ ಬಯಲಿನಲ್ಲೇ ಬಸ್ಸಿನ ಅಡಿಗೆ ನುಸುಳುತ್ತಿದ್ದರು. ಅವರಲ್ಲಿ ಒಬ್ಬ ಅವಳ ಸ್ವಂತ ತಮ್ಮ. "ನಿನ್ನ ನೊಣಕ್ಕೆ ಮನೆ ಇದೆ, ನಮಗೆ ಸೂರಿಲ್ಲ" ಎಂದು ಹೇಳಿ ಹೋದವನು ಎಂಟು ತಿಂಗಳಿಂದ ಮನೆಗೆ ಬಂದಿರಲಿಲ್ಲ.

ಆಕೆ ಕುತ್ತಿಗೆ ನೀವಿಕೊಂಡಳು. ಕಣ್ಣಿಗೆ ಒಂದೊಂದು ಹನಿ ಔಷಧ ಬಿಟ್ಟು, ಕಣ್ಣು ತೆರೆಯುವ ಮೊದಲೇ ಕರೆದಳು.

"ಪಾರ್ಲರ್, ಸ್ವಲ್ಪ ಬಾರಪ್ಪ ಇಲ್ಲಿ."

ಪಾರ್ಲರ್ ಎಂದರೆ ಹುಳ ತೊಳೆಯುವವನು. ಹುಳ ಹಿಡಿಯಲು ಇಟ್ಟ ಸೋಪುನೀರಿನ ಬಟ್ಟಲುಗಳಲ್ಲಿ ಬಿದ್ದು ಮುದ್ದೆಯಾಗಿ ಬಂದ ಜೇನುಗಳನ್ನು ತೊಳೆದು, ಹೇರ್ ಡ್ರೈಯರ್ ಹಿಡಿದು ಕೂದಲು ಬಿಡಿಸಿ ನಿಲ್ಲಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು. ಅವನ ತಲೆ ಪೂರ್ತಿ ಬೋಳಾದ ಮೇಲೆ ಆಫೀಸಿನವರು ಆ ಹೆಸರಿಟ್ಟರು.

"ಬಲಗಡೆ ಮೀಸೆ ತುದಿ ನೋಡು."

ಅವನು ಮಸೂರಕ್ಕೆ ಕಣ್ಣಿಟ್ಟು ಬಹಳ ಹೊತ್ತು ನೋಡಿದ. "ದುಂಡಗಿಲ್ಲ. ಕತ್ತರಿಸಿದ ಹಾಗಿದೆ."

"ಮುರಿದಿದೆ. ಎಡಗಡೇದು ಪೂರ್ತಿ ಇದೆ. ಹದಿಮೂರು."

"ನನ್ನ ಡ್ರೈಯರ್ ಅಂತೀರಾ ಅಕ್ಕ?"

"ನಾನೇನೂ ಅನ್ಲಿಲ್ಲ."

"ಅವತ್ತು ಮುನ್ನೂರು ಹುಳ ಬಂದಿತ್ತು. ಜೋರಾಗಿ ಇಟ್ಟಿದ್ದೆ. ಹತ್ರ ಹಿಡಿದ್ರೆ ತುದಿ ಹಾರಿಹೋಗತ್ತೆ ಅಂತ ನೀವೇ ಹೇಳಿಕೊಟ್ಟಿದ್ದು."

"ಎಣಿಸಿದ್ದು ನಾನು. ತುದಿ ನೋಡ್ಬೇಕಿದ್ದದ್ದೂ ನಾನೇ."

ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ವಾಪಸ್ ಗದ್ದದ ಕೆಳಗೆ ತಳ್ಳಿಬಿಡಿ. ಇಷ್ಟು ದಿನ ಅಲ್ಲೇ ತೆಪ್ಪಗಿತ್ತಲ್ಲ. ಗಂಡು ಇದ್ಮೇಲೆ ಹೆಣ್ಣು ಇಲ್ದೆ ಇರತ್ತಾ?"

"ಇರಬಹುದು. ನಾನು ನೋಡಿಲ್ಲ."

"ಜನ ಏನಂತಾರೆ ಗೊತ್ತಲ್ಲ? ತಮ್ಮನಿಗೋಸ್ಕರ ಗಂಡು ಮಾಡಿದಳು ಅಂತಾರೆ."

"ಅಂತಾರೆ."

"ಮತ್ತೆ?"

ಆಕೆ ಸೂಜಿಯನ್ನು ಮೀಸೆಯ ಪಕ್ಕಕ್ಕೆ ತಂದು ಹಾಗೆಯೇ ಹಿಡಿದಿದ್ದಳು. ಕಾರಿಡಾರಿನಲ್ಲಿ ಯಾರೋ ನೀರಿನ ಕ್ಯಾನು ಉರುಳಿಸಿಕೊಂಡು ಹೋದರು. ಆ ಸದ್ದು ಮುಗಿದ ಮೇಲೆ ಸೂಜಿ ಕೆಳಗಿಟ್ಟಳು.

"ಮತ್ತೇನು. ಸಣ್ಣ ಲೇಬಲ್ ಒಂದು ಕೊಡು."

ಹಳೆಯ ಲೇಬಲ್ ತೆಗೆಯುವಂತಿಲ್ಲ. ತಪ್ಪಾದರೂ ಅದು ಪಿನ್ನಿನಲ್ಲೇ ಉಳಿಯಬೇಕು, ಹೊಸದು ಅದರ ಕೆಳಗೆ. ಆಕೆ 'ಗಂಡು' ಎಂದು ಬರೆದು ತಾರೀಖು ಹಾಕಿದಳು. ಆಮೇಲೆ ವಿಚಾರಣೆಯ ಅಧಿಕಾರಿಗೆ ನಾಲ್ಕು ಸಾಲಿನ ಪತ್ರ. ಡ್ರೈಯರ್ ವಿಷಯ ಅದರಲ್ಲಿರಲಿಲ್ಲ. ಪಾರ್ಲರ್ ಭುಜದ ಮೇಲಿಂದ ಇಣುಕಿ ಓದಿ, ಹೋಗಿ ನಲ್ಲಿ ತಿರುಗಿಸಿದ.

ಹನ್ನೆರಡೂಕಾಲಿಗೆ ವಿಚಾರಣೆಯ ಅಧಿಕಾರಿ ಫೋನು ಮಾಡಿದರು.

"ಮೇಡಂ, ಇದನ್ನ ಯಾರಾದರೂ ಕೇಳಿದ್ರಾ?"

"ಇಲ್ಲ ಸರ್."

"ಎದುರು ಪಾರ್ಟಿ ಹತ್ರ ಬೇರೆ ತಜ್ಞರೇ ಇಲ್ಲ. ನೀವು ಹೇಳದೆ ಇದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹೌದು ಸರ್."

"ಪತ್ರ ಓದಿಸ್ಲಾ ಹಾಗಾದ್ರೆ?"

"ಓದಿಸಿ."

ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಶನಿವಾರ ಬೆಳಿಗ್ಗೆ ಏಳಕ್ಕೆ ಯಂತ್ರ ಬಂದು, ಹತ್ತೂವರೆಯ ಹೊತ್ತಿಗೆ ಜಾಗ ಸಮತಟ್ಟಾಗಿತ್ತು. ಆ ಸಂಜೆ ತಮ್ಮ ಫೋನು ಮಾಡಿದ. ಹಿಂದೆ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು.

"ಅಕ್ಕಾ, ನನಗೋಸ್ಕರ ಮಾಡಿದ್ಯಾ?"

"ಇಲ್ಲ ಕಣೋ. ಗೆಣ್ಣು ಹದಿಮೂರಿತ್ತು."

"ಇಲ್ಲಿ ಯಾರೂ ನಂಬ್ತಿಲ್ಲ. ಸ್ವೀಟ್ ಹಂಚು ಅಂತ ಪೀಡಿಸ್ತಿದಾರೆ."

"ನೀನು ನಂಬ್ತೀಯಾ?"

"ನನಗೋಸ್ಕರ ಒಂದು ಲೋಟ ನೀರೂ ಎದ್ದು ತಂದುಕೊಟ್ಟವಳಲ್ಲ ನೀನು. ನಂಬ್ತೀನಿ."

ಆಕೆಗೆ ನಗು ಬಂತು. ನಕ್ಕಿದ್ದಕ್ಕೆ ಕುತ್ತಿಗೆ ಹಿಡಿದುಕೊಂಡಿತು.

"ಅಲ್ಲಿದ್ದ ಟೊಳ್ಳು ಕಡ್ಡಿಗಳನ್ನ ಏನು ಮಾಡಿದ್ರು?"

"ಯಾವ ಕಡ್ಡಿ? ಓ, ಆ ಕಸಾನಾ? ಕಾಂಪೌಂಡ್ ಮೂಲೆಗೆ ರಾಶಿ ಹಾಕಿದಾರೆ. ಲಾರಿ ಬುಧವಾರ ಬರತ್ತಂತೆ. ಯಾಕೆ?"

"ಸುಮ್ನೆ ಕೇಳಿದೆ."

ಸೋಮವಾರ ಆಫೀಸು ತೆರೆಯುತ್ತಲೇ ಆಕೆ ಮಂಗಳವಾರಕ್ಕೆ ರಜೆ ಬರೆದುಕೊಟ್ಟು, ಕಡ್ಡಿ ಸೀಳುವ ಸಣ್ಣ ಚಾಕುವನ್ನು ಚೀಲಕ್ಕೆ ಹಾಕಿಕೊಂಡಳು.